ಮಂಡಿಯೂರದ ಮರೀಕಾ

ಬಹಳ ಹಿಂದೆ, ಸುತ್ತಲೂ ನೆಲವೇ ಕಾವಲು ನಿಂತಿದ್ದ ಒಂದು ನೀಲಿ ಕಡಲಿನ ನಡುವೆ ಲಿಮೋರಾ ಎಂಬ ದ್ವೀಪರಾಜ್ಯವಿತ್ತು. ಅಲ್ಲಿ ಸುಣ್ಣ ಬಳಿದ ಬಿಳಿ ಮನೆಗಳಿದ್ದವು, ಆಲಿವ್ ತೋಪುಗಳಿದ್ದವು, ಆಲ್ದೋ ಎಂಬ ರಾಜನಿದ್ದ. ಆದರೆ ಕಡಲು ರಾಜನ ಕೈಯಲ್ಲಿರಲಿಲ್ಲ. ಅದು ಉತ್ತರದ ಬಂಡೆಯ ಮೇಲೆ ಕರಿಗೋಪುರ ಕಟ್ಟಿಕೊಂಡಿದ್ದ ಮಾಂತ್ರಿಕ ಕೋರ್ವೋಸನ ಕೈಯಲ್ಲಿತ್ತು.

"ನನ್ನ ಕಡಲಿನ ಮೇಲೆ ಯಾರೂ ನಿಲ್ಲಕೂಡದು. ಹೋಗುವವರು ಮಂಡಿಯೂರಿ ಹೋಗಲಿ" ಎಂದು ಅವನು ಕಟ್ಟಳೆ ಮಾಡಿದ್ದ. ನಿಂತವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಬಂದರಿನ ಬಾಯಲ್ಲಿ ಅಂಥ ಹನ್ನೆರಡು ಕಲ್ಲುಗಳಿದ್ದವು. ಹನ್ನೆರಡನೆಯದು ಲೇನಾ. ಏಳು ವರ್ಷದ ಹಿಂದೆ, ಭಾರದ ಬಲೆ ಎಳೆಯಲು ದೋಣಿಯಲ್ಲಿ ಎದ್ದು ನಿಂತವಳು. ಅವಳ ತಂಗಿ ಮರೀಕಾ ದಿನವೂ ಈಜಿ ಹೋಗಿ ಅಕ್ಕನ ಹೆಗಲ ಮೇಲಿನ ಹಕ್ಕಿಯ ಹಿಕ್ಕೆ ತೊಳೆದು ಬರುತ್ತಿದ್ದಳು.

ಒಂದು ದಿನ ಕೋರ್ವೋಸ್ ಬಂದರಿಗೆ ಬಂದ. "ಈ ಕಲ್ಲುಗಳು ನನ್ನ ಹಡಗಿಗೆ ಅಡ್ಡ. ನಾಳೆ ಸಂಜೆ ಒಡೆಸಿ ಗೋಪುರಕ್ಕೆ ಮೆಟ್ಟಿಲು ಕಟ್ಟಿಸುತ್ತೇನೆ" ಎಂದ.

ಜನರೆಲ್ಲ ತಲೆ ತಗ್ಗಿಸಿದರು. ಮರೀಕಾ ತಗ್ಗಿಸಲಿಲ್ಲ.

"ಅವರು ಮನುಷ್ಯರು. ಅವರನ್ನು ಬಿಡಿಸಬೇಕಾದರೆ ಏನು ಮಾಡಬೇಕು, ಹೇಳು" ಎಂದಳು.

ಕೋರ್ವೋಸ್ ನಕ್ಕ. "ನಾಳೆ ಸೂರ್ಯ ಹುಟ್ಟುವಾಗ ಹೊರಟು, ಮುಳುಗುವುದರೊಳಗೆ ಕಡಲಲ್ಲಿ ಒಂದು ಹಲಗೆಯ ಮೇಲೆ ನಿಂತೇ ದ್ವೀಪ ಸುತ್ತಿ ಬಾ. ನಾಳೆಯೊಂದು ದಿನ ನಿಂತರೂ ನೀನು ಕಲ್ಲಾಗುವುದಿಲ್ಲ. ಕೂರಬಾರದು, ಮಂಡಿಯೂರಬಾರದು. ಗೆದ್ದರೆ ಈ ಕಲ್ಲುಗಳೂ ನಿಮ್ಮವು, ಕಡಲೂ ನಿಮ್ಮದು. ಒಂದೇ ಒಂದು ಸಲ ಮಂಡಿ ಹಲಗೆಗೆ ತಾಗಿದರೆ ನೀನು ಹದಿಮೂರನೆಯ ಮೆಟ್ಟಿಲು."

"ಆಗಲಿ" ಎಂದಳು ಮರೀಕಾ. ಆಡಿದ ಮಾತು ಮಾಂತ್ರಿಕರನ್ನೂ ಕಟ್ಟುವ ಕಾಲ ಅದು.

ಅವಳ ಅಪ್ಪ ಸ್ಪೀರೋ ಬಡಗಿ. ಮಗಳನ್ನು ಬೈಯಲಿಲ್ಲ, ಬೇಡವೆನ್ನಲಿಲ್ಲ. ಮನೆಯ ಮುಂಬಾಗಿಲನ್ನು ಕಳಚಿ, ಮೂಲೆಗಳನ್ನು ಕೊಯ್ದು, ಮುಂದಿನ ತುದಿ ಚೂಪಾಗುವಂತೆ ಕೀಸಿದ. ಆಳೆತ್ತರದ ಒಂದು ಹುಟ್ಟನ್ನೂ ಮಾಡಿಕೊಟ್ಟ.

"ಬಾಗಿಲಿಲ್ಲದ ಮನೆಯಲ್ಲಿ ಹೇಗಿರುತ್ತೀಯಪ್ಪಾ?"

"ಮಗಳಿಲ್ಲದ ಮನೆಗೆ ಬಾಗಿಲು ಯಾಕಮ್ಮ? ಕಾಲು ಅಗಲಿಸಿ ನಿಲ್ಲು. ಕಾಲನ್ನು ನೋಡಬೇಡ, ದೂರ ನೋಡು."

ಸೂರ್ಯ ಹುಟ್ಟಿದ. ಮರೀಕಾ ಹಲಗೆಯ ಮೇಲೆ ನಿಂತಳು. ಹಲಗೆ ಓಲಾಡಿತು, ಅವಳೂ ಓಲಾಡಿದಳು, ಬೀಳಲಿಲ್ಲ. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವಳ ನೆರಳು ತಳದ ಮರಳಿನ ಮೇಲೆ ಜೊತೆಗೇ ಬರುತ್ತಿತ್ತು.

ದಕ್ಷಿಣದ ಮೂಲೆಯಲ್ಲಿ ಕೋರ್ವೋಸನ ಗಾಳಿ ಎದುರಾಯಿತು. "ಮಂಡಿಯೂರು, ಮೇಲಿಂದ ಹಾದುಹೋಗುತ್ತೇನೆ" ಎಂದಿತು ಗಾಳಿ.

"ಸುತ್ತಿಕೊಂಡು ಹೋಗು" ಎಂದಳು ಮರೀಕಾ.

ಗಾಳಿ ಅಲೆಗಳನ್ನೆಬ್ಬಿಸಿತು. ಅವಳು ಹಲಗೆಯ ಚೂಪನ್ನು ಅಲೆಗೇ ತಿರುಗಿಸಿ, ಒಂದೊಂದನ್ನೇ ಸೀಳಿಕೊಂಡು ಹೋದಳು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಗಾಳಿಯೇ ಸುಸ್ತಾಗಿ ಸುತ್ತಿಕೊಂಡು ಹೋಯಿತು.

ಪಶ್ಚಿಮದ ಗುಹೆಗಳ ಬಳಿ ಕಡಲಾಮೆಯೊಂದು ಮೇಲೆದ್ದಿತು. ಅದರ ಚಿಪ್ಪು ಅಂಗಳದಷ್ಟು ಅಗಲವಿತ್ತು, ಕೊರಳಲ್ಲಿ ಸರಪಳಿಯಿತ್ತು. ಅದು ಒಂದೇ ಏಟಿಗೆ ಹಲಗೆಯನ್ನು ಮಗುಚಿತು. ಮರೀಕಾ ನೀರಿಗೆ ಬಿದ್ದಳು. ಮತ್ತೆ ಹತ್ತಬೇಕಾದರೆ ಮಂಡಿಯೂರದೆ ಬೇರೆ ದಾರಿಯಿರಲಿಲ್ಲ. ಹಲಗೆಯ ಅಂಚು ಹಿಡಿದು ತೇಲುತ್ತಾ ಅವಳು ಆಮೆಯನ್ನು ನೋಡಿದಳು. ಸರಪಳಿಯ ಕೆಳಗೆ ಕೊರಳು ಹುಣ್ಣಾಗಿತ್ತು.

"ನಿನ್ನನ್ನೂ ಅವನೇ ಕಟ್ಟಿದನಾ?"

"ಹೌದು. ಹೇಳಿದ ಹಾಗೆ ಕೇಳದಿದ್ದರೆ ಇದು ಬಿಗಿಯುತ್ತದೆ" ಎಂದಿತು ಆಮೆ.

"ಬಿಗಿಯುತ್ತದೆ, ಗೊತ್ತು. ಆದರೂ ಇವತ್ತೊಂದು ದಿನ ಕೇಳಬೇಡ. ನನ್ನ ಕೈಲಾದದ್ದನ್ನು ನಾನು ಮಾಡುತ್ತೇನೆ."

ಆಮೆ ಅವಳ ಕೆಳಗೆ ಮುಳುಗಿ, ನಿಧಾನವಾಗಿ ಮೇಲೆದ್ದಿತು. ಮರೀಕಾ ಅದರ ಬೆನ್ನ ಮೇಲೆ ನಿಂತು, ಅಲ್ಲಿಂದ ಹಲಗೆಯ ಮೇಲೆ ಕಾಲಿಟ್ಟಳು. ಸರಪಳಿ ಕಿರುಗುಟ್ಟಿ ಬಿಗಿಯಿತು. ಆಮೆ ಕಣ್ಣು ಮುಚ್ಚಿಕೊಂಡಿತು, ಜಾಗ ಬಿಟ್ಟು ಕದಲಲಿಲ್ಲ.

ಕರಿಗೋಪುರ ದಾಟಿ ಪೂರ್ವಕ್ಕೆ ತಿರುಗಿದಾಗ ರಾಜನ ನಾವೆ ದಾರಿಗೆ ಅಡ್ಡ ನಿಂತಿತ್ತು. ರಾಜ ಆಲ್ದೋ ರೇಷ್ಮೆ ದಿಂಬಿನ ಮೇಲೆ ಮಂಡಿಯೂರಿದ್ದ. ಅವನ ನಲವತ್ತು ಮಂದಿ ಅಂಬಿಗರೂ ಮಂಡಿಯೂರಿದ್ದರು.

"ಮಗಳೇ, ಸಾಕು" ಎಂದ ರಾಜ. "ಅವನು ಸಿಟ್ಟಾದರೆ ಊರನ್ನೇ ಕಲ್ಲು ಮಾಡುತ್ತಾನೆ. ನನ್ನ ನಾವೆಗೆ ಹತ್ತಿಕೋ, ನಿನ್ನನ್ನು ಹೇಗಾದರೂ ಉಳಿಸುತ್ತೇನೆ."

"ಪ್ರಭು, ನನ್ನಕ್ಕ ಬಲೆ ಎಳೆಯಲು ಎದ್ದು ನಿಂತಳು. ಅದು ತಪ್ಪೇ?"

ರಾಜ ಅವಳ ಕಣ್ಣು ತಪ್ಪಿಸಿದ. "ತಪ್ಪಲ್ಲ."

"ಹಾಗಾದರೆ ದಾರಿ ಬಿಡಿ."

ಹಿಂದುಗಡೆಯ ಮುದಿ ಅಂಬಿಗನೊಬ್ಬ ತನ್ನ ಹುಟ್ಟನ್ನು ನೀರಿನಿಂದ ಎತ್ತಿದ. ಪಕ್ಕದವನು ಎತ್ತಿದ. ನಲವತ್ತು ಹುಟ್ಟುಗಳೂ ಮೇಲೆದ್ದವು. ಹಿಡಿದು ನಿಲ್ಲಿಸುವವರಿಲ್ಲದೆ ನಾವೆ ತೇಲಿ ಪಕ್ಕಕ್ಕೆ ಸರಿಯಿತು. ರಾಜ ತಡೆಯಲಿಲ್ಲ. ಮರೀಕಾ ಹಾದುಹೋದಳು.

ಸೂರ್ಯನ ಕೊನೆಯ ಅಂಚು ಮರೆಯಾಗುತ್ತಿದ್ದಾಗ ಅವಳು ಬಂದರಿನ ಬಾಯಿಗೆ ಬಂದಳು. ಹುಟ್ಟಿನ ಹಿಡಿ ಕೆಂಪಾಗಿತ್ತು. ಸುತ್ತಿಗೆ ಹಿಡಿದ ಆಳುಗಳ ಜೊತೆ ಕೋರ್ವೋಸ್ ಕಾದಿದ್ದ.

"ಕೂತುಬಿಡು, ಮರೀಕಾ. ಎಷ್ಟು ದಣಿದಿದ್ದೀಯ" ಎಂದ, ಮೆತ್ತಗೆ.

"ದಣಿದಿದ್ದೇನೆ" ಎಂದು ಅವಳು ಇನ್ನೊಂದು ಸಲ ಹುಟ್ಟು ಹಾಕಿದಳು. ಹಲಗೆಯ ಮೂತಿ ಬಂದರಿನ ಗೆರೆ ದಾಟಿತು.

ಕಲ್ಲುಗಳು ಉಸಿರೆಳೆದುಕೊಂಡವು. ಹನ್ನೆರಡು ಮಂದಿ ಕಣ್ಣುಜ್ಜಿಕೊಂಡು ನೀರಿನಲ್ಲಿ ಕೈಬಡಿದರು. ಲೇನಾ ಕೈಗಳನ್ನು ನೋಡಿಕೊಂಡು, "ಬಲೆ ಎಲ್ಲಿ?" ಎಂದಳು.

"ಹರಿದುಹೋಯಿತಕ್ಕ. ಏಳು ವರ್ಷವಾಯಿತು."

ಪಶ್ಚಿಮದಲ್ಲಿ ಆಮೆಯ ಸರಪಳಿ ಕಳಚಿ ಬಿತ್ತು. ಕರಿಗೋಪುರ ಕುಸಿದು ಕಡಲಿಗೆ ಜಾರಿತು. ಕೋರ್ವೋಸನ ಆಳುಗಳು ಸುತ್ತಿಗೆ ಎಸೆದು ಓಡಿದರು. ಅವನು ಒಂದು ಸಣ್ಣ ದೋಣಿಗೆ ಇಳಿದು, "ಯಾರಾದರೂ ಹುಟ್ಟು ಹಾಕಿ" ಎಂದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ತಾನೇ ಹುಟ್ಟು ಹಿಡಿದು, ದೋಣಿಯನ್ನು ಗಿರಗಿರನೆ ತಿರುಗಿಸುತ್ತಾ, ಎರಡೂ ಕಡೆ ದೋಣಿಗಳಲ್ಲಿ ಎದ್ದು ನಿಂತಿದ್ದ ಜನರ ನಡುವೆ ಕಡಲಾಚೆ ಹೋದ. ಮತ್ತೆ ಅವನನ್ನು ಕಂಡವರಿಲ್ಲ.

ಲಿಮೋರಾದ ಜನ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಬಹುಕಾಲ ನೆಮ್ಮದಿಯಿಂದ ಬಾಳಿದರು. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಮರೀಕಾ ಅಕ್ಕನನ್ನು ಹಲಗೆಯ ಮೇಲೆ ಎಳೆದುಕೊಂಡಳು.

"ಅಕ್ಕ, ಈಗ ನಾನು ಸ್ವಲ್ಪ ಕೂರುತ್ತೇನೆ" ಎಂದು, ತನಗೆ ಬೇಕೆನಿಸಿದ ಹೊತ್ತಿನಲ್ಲಿ, ಕಾಲು ಚಾಚಿ ಕೂತಳು.