ಬೆಳ್ಳಿ ರೇಕಿನ ಸೇಬು

"ಅದನ್ನ ಕೆಳಗಿಡು ಡೊಮ್ನಾ. ಈ ಸಲ ಯಾರ ಮನೆಗೂ ಹೋಗೋದು ಬೇಡ," ಅಂದಳು ಅಮ್ಮ.

ಡೊಮ್ನಾ ಸೇಬಿಗೆ ಬೆಳ್ಳಿ ರೇಕು ಅಂಟಿಸುತ್ತಿದ್ದಳು. ಜನವರಿಯ ಮೊದಲ ದಿನ ಅಮಾಸಿಯಾ ಪಟ್ಟಣದ ಮಕ್ಕಳೆಲ್ಲ ಇಂಥ ಸೇಬು ಹಿಡಿದು ಮನೆಮನೆಗೆ ಹೋಗುತ್ತಾರೆ. ಕೊಟ್ಟ ಸೇಬಿನ ಎರಡರಷ್ಟು ಕಾಣಿಕೆ ಸಿಗದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ಹಳೆಯ ದೇವರುಗಳನ್ನು ಪೂಜಿಸುವವರ ಮನೆಯೋ ಕ್ರಿಸ್ತನನ್ನು ನಂಬುವವರ ಮನೆಯೋ ಎಂದು ಇಲ್ಲಿಯವರೆಗೆ ಯಾರೂ ನೋಡುತ್ತಿರಲಿಲ್ಲ.

"ಬಿಷಪ್ಪರು ಹೇಳಿದ್ದು ಕೇಳಿಸ್ಕೊಂಡೆ ತಾನೆ? ಇದು ಮಕ್ಕಳಿಗೆ ದುರಾಸೆ ಕಲಿಸೋ ಹಬ್ಬವಂತೆ. ಇವತ್ತು ನಮಗೆ ಉಪವಾಸ." ಅಮ್ಮ ಕಿಟಕಿಯ ಬಳಿ ಕೂತು ನೂಲುತ್ತಿದ್ದಳು. ಎಳೆ ಮತ್ತೆ ಮತ್ತೆ ಕಡಿಯುತ್ತಿತ್ತು.

"ನೀಕೆ ಅಜ್ಜಿ ಮನೆಗೂ ಬೇಡ್ವಾ? ಅಲ್ಲಿಗೆ ಪ್ರತಿ ವರ್ಷ ನಾನೇ ಮೊದಲು ಹೋಗೋದು."

ಅಮ್ಮ ಕಡಿದ ಎಳೆಯನ್ನು ಮತ್ತೆ ಜೋಡಿಸಿದಳು. ಡೊಮ್ನಾ ಹೊರಗೆ ನೋಡಿದಳು. ಬೀದಿಯ ತುಂಬ ಹಿಮ ಬಿದ್ದಿತ್ತು. ಅಕ್ಕಪಕ್ಕದ ಬಾಗಿಲುಗಳ ಮುಂದೆ ಹೆಜ್ಜೆಯ ಮೇಲೆ ಹೆಜ್ಜೆ. ಎದುರುಮನೆಯ ನೀಕೆ ಅಜ್ಜಿ ಬಾಗಿಲಿಗೆ ಹಸಿರು ಕೊಂಬೆ ಕಟ್ಟಿ, ಬಾಗಿಲು ತೆರೆದೇ ಇಟ್ಟಿದ್ದಳು. ಅಲ್ಲಿ ಮಾತ್ರ ಒಂದು ಹೆಜ್ಜೆಯೂ ಇರಲಿಲ್ಲ.

"ಅಜ್ಜಿ ಥರ ಹಳೆಯ ದೇವರುಗಳನ್ನ ಪೂಜಿಸೋರ ಮಕ್ಕಳೂ ಯಾಕೆ ಬಂದಿಲ್ಲ?"

"ಅಜ್ಜ ತೀರಿಕೊಂಡು ತಿಂಗಳೂ ಆಗಿಲ್ಲ. ಸಾವಾದ ಮನೆಗೆ ವರ್ಷದ ಮೊದಲ ದಿನ ಕಾಲಿಡೋದು ಅಪಶಕುನ ಅಂತಾರೆ."

ಅವರಿಗೆ ಹೆದರಿಕೆ, ನಮಗೆ ಉಪವಾಸ. ಹಾಗಾದರೆ ಅಜ್ಜಿ ಯಾರಿಗೆ ಕಾಯುತ್ತಿದ್ದಾಳೆ? ಡೊಮ್ನಾ ಸೇಬು ಹಿಡಿದು ಎದ್ದಳು.

"ಕೊಟ್ಟು ಬರ್ತೀನಮ್ಮಾ. ಏನೂ ತಗೊಳ್ಳಲ್ಲ. ಆಗ ದುರಾಸೆ ಅಲ್ವಲ್ಲ?"

ಅಮ್ಮ ತಲೆ ಎತ್ತದೆ ನೂಲುತ್ತಲೇ ಇದ್ದಳು. ಡೊಮ್ನಾ ಬೀದಿ ದಾಟಿದಳು.

ನೀಕೆ ಅಜ್ಜಿ ಸೇಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀನೂ ಬರಲ್ಲ ಅಂದ್ಕೊಂಡಿದ್ದೆ ಕಣೇ." ಒಳಗಿನಿಂದ ಅಂಜೂರ, ಜೇನಿನ ರೊಟ್ಟಿ ತಂದಳು.

"ಬೇಡ ಅಜ್ಜಿ. ಇವತ್ತು ನಮಗೆ ಉಪವಾಸ, ನಾನು ಏನೂ ತಗೋಬಾರದು."

ಅಜ್ಜಿಯ ಮುಖ ಬಾಡಿತು. "ಇವತ್ತು ಮಗು ಬರಿಗೈಲಿ ಹೋದ್ರೆ, ನನ್ನ ವರ್ಷವೆಲ್ಲ ಬರಿದಾಗುತ್ತಲ್ಲೇ."

ಡೊಮ್ನಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೊನೆಗೆ ಅಜ್ಜಿ ಚಾಕು ತಂದು ಸೇಬನ್ನು ಎರಡು ಹೋಳು ಮಾಡಿದಳು. "ತಗೋ. ಇದು ನನ್ನದಲ್ಲ, ನೀನೇ ತಂದಿದ್ದು. ನಾಳೆ ತಿನ್ನು."

ಮನೆಗೆ ಬಂದಾಗ ಅಮ್ಮ ಅವಳ ಕೈ ನೋಡಿದಳು.

"ನನ್ನ ಸೇಬೇ ಅಮ್ಮಾ. ಅರ್ಧ."

ಅಮ್ಮ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿ, ಗೂಡಿನಲ್ಲಿಟ್ಟಳು. ಆಮೇಲೆ ಶಾಲು ಹೊದ್ದು ಹೊರಗೆ ಹೋದಳು.

ಡೊಮ್ನಾ ಕಿಟಕಿಗೆ ಓಡಿದಳು. ಅವಳದೇ ಪುಟ್ಟ ಹೆಜ್ಜೆಗಳ ಮೇಲೆ ಕಾಲಿಡುತ್ತ ಅಮ್ಮ ನೀಕೆ ಅಜ್ಜಿಯ ಬಾಗಿಲಿಗೆ ಹೋಗುತ್ತಿದ್ದಳು. ಬೆಳಗಿನಿಂದ ಅಮ್ಮನ ಕಣ್ಣೂ ಆ ತೆರೆದ ಬಾಗಿಲ ಮೇಲೇ ಇತ್ತು; ಎಳೆ ಯಾಕೆ ಕಡಿಯುತ್ತಿತ್ತೆಂದು ಡೊಮ್ನಾಗೆ ಆಗ ಗೊತ್ತಾಯಿತು.