ಕಾಲು ಜುಮ್ ಅಂದ ದಿನ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ನರ್ಸ್ ಸುನಂದಾಳದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೂ ಡ್ರೈವರ್ ಮಲ್ಲು ದಿನಾ ಅಲ್ಲಿ ಟವೆಲ್ ಹಾಕಿ ಹಿಡಿದಿಡುತ್ತಿದ್ದ. ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಅರ್ಧ ರಸ್ತೆಗೆ, ಅರ್ಧ ಅವಳಿಗೆ.

“ಮುಂದ ನೋಡ್ರಿ,” ಎಂದು ಅವಳು ಗದರುವಳು.

“ಮುಂದ ಏನದರಿ? ಬರೇ ರೋಡು.”

ಕೊರೊನಾ ಲಸಿಕೆ ಬಂದ ವರ್ಷ, ಸೂಜಿ ಕಂಡರೆ ಬೆವರುವ ಅವನನ್ನು ಕಮಲಾಪುರದ ಆಸ್ಪತ್ರೆಯಲ್ಲಿ ಕೂರಿಸಿ ಅವಳೇ ಚುಚ್ಚಿದಳು. ಆಸ್ಪತ್ರೆಗೆ ಬರಲು ಅವನಿಗೆ ಅಷ್ಟೇ ನೆವ ಸಾಕಾಯಿತು. ಒಂದು ದಿನ ತೋಳು ನೋವು, ಮರುದಿನ ಎದೆ ಡವಡವ. ಬಂದವನು ಅವಳ ಮುಖ ನೋಡಿ ಐದೇ ನಿಮಿಷದಲ್ಲಿ ಗುಣವಾಗಿ ಹೋಗುತ್ತಿದ್ದ.

ಹದಿನೈದನೆಯ ದಿನವೂ ಬಂದ. “ಸುನಂದಾ, ಎರಡೂ ಕಾಲು ಜುಮ್ ಅನ್ನಾಕತ್ತಾವ. ಇರುವಿ ಹರದಂಗ ಆಗ್ತದ.”

“ನನ್ನ ನೋಡಿ ಜುಮ್ ಅಂತಾವೇನು?” ಅವಳು ಹೊಟ್ಟೆ ಹಿಡಿದು ನಕ್ಕಳು. “ಹೋಗ್ರಿ, ಇವತ್ತಿನ ನೆವ ಛಲೋ ಇಲ್ಲ.”

ಅವನೂ ನಕ್ಕು ಹೋದ.

ನಾಲ್ಕು ದಿನ ಕಳೆದು, ನಿಲ್ದಾಣದಲ್ಲಿ ನಿಂತ ಬಸ್ಸಿನ ಸೀಟಿನಿಂದ ಅವನಿಗೆ ಏಳಲಾಗಲಿಲ್ಲ. ಕಂಡಕ್ಟರ್ ನಬಿಸಾಬ್ ಎತ್ತಿ ಇಳಿಸಿದ.

“ಲಸಿಕಿ ಆದಮ್ಯಾಲ ಭಾಳ ಅಪರೂಪಕ್ಕ ಒಬ್ಬರಿಗೆ ಹಿಂಗ ನರ ಸೋಲ್ತಾವ. ಸೂಜಿ ಹಾಕಿದ್ದು ತಪ್ಪಲ್ಲ,” ಎಂದರು ಕಲಬುರಗಿಯ ಡಾಕ್ಟರು. “ಆದ್ರ ಜುಮ್ ಅಂದ ದಿನಾನೇ ಕರ್ಕೊಂಡು ಬರಬೇಕಾಗಿತ್ತು.”

ಸುನಂದಾ ಗೋಡೆಗೆ ಒರಗಿದಳು. ಚುಚ್ಚಿದ್ದಕ್ಕಲ್ಲ, ನಕ್ಕಿದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತು.

ಎರಡು ವರ್ಷದಲ್ಲಿ ಅವನು ಎದ್ದು ನಡೆದ. ಎಡಪಾದ ಮಾತ್ರ ನೆಲ ಕೆರೆಯುತ್ತಲೇ ಉಳಿಯಿತು. ಸ್ಟೀರಿಂಗ್ ಹೋಗಿ, ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಊರುಗಳ ಹೆಸರು ಕೂಗುವ ಕೆಲಸ ಬಂತು. ಸುನಂದಾ ದಿನಾ ಬಸ್ಸಿಗಿಂತ ಅರ್ಧ ಗಂಟೆ ಮೊದಲೇ ಬಂದು ಬುತ್ತಿ ಕೊಟ್ಟು ಅವನ ಕಾಲು ತಿಕ್ಕಿ ಹೋಗುವಳು. ಜೇವರ್ಗಿ ಕಾಲೋನಿಯ ಅವಳ ಮನೆಯವರು ಮದುವೆಗೆ ಒಪ್ಪಿದ್ದರು. ಅವನೊಬ್ಬ ಹೂಂ ಅನ್ನಬೇಕಿತ್ತು.

ಇವತ್ತು ಅವಳೇ ಕೇಳಿದಳು. “ಶರಣಬಸವೇಶ್ವರ ಗುಡ್ಯಾಗ ಸಣ್ಣದಾಗಿ ಮದುವಿ ಮಾಡ್ಕೊಳ್ಳೋಣೇನ್ರಿ?”

ಅವನು ಹುಬ್ಬು ಎತ್ತಿ, ಹಿಂದೆ ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಅವಳನ್ನು ನೋಡಿದ. “ನಿನ್ನ ನೋಡಿ ಕಾಲು ಜುಮ್ ಅನ್ನಾಕತ್ತಾವ.”

ಅವಳು ದಡಕ್ಕನೆ ಕುಕ್ಕರಿಸಿ ಅವನ ಚಪ್ಪಲಿ ಬಿಚ್ಚಿದಳು. “ಯಾವಾಗಿಂದ? ಕೈನೂ ಜುಮ್ ಅಂತಾವ? ಉಸರು ಹಿಡೀತದೇನು?”

“ಮಷ್ಕಿರಿ ಮಾಡಿದೆ, ಸುನಂದಾ.”

ಅವಳು ತಲೆಯೆತ್ತಿದಳು. ಹಣೆಯೆಲ್ಲ ಬೆವರು.

“ನೀ ನಗೂದೇ ಬಿಟ್ಟಿ,” ಎಂದ ಅವನು.

“ನೀವು ನನ್ನ ಕ್ಷಮಾ ಮಾಡಿಲ್ಲ. ಸೀದಾ ಹೇಳ್ರಿ.”

“ಮಾಡೀನಿ ಅಂತ ದಿನಾ ಹೇಳ್ತೀನಿ. ದಿನಾ ಸುಳ್ಳ ಹೇಳ್ತೀನಿ. ಈ ಕಾಲು ಎಳೆದಾಗೊಮ್ಮೆ ನಿನ್ನ ಆ ನಗು ಕೇಳಸ್ತದ. ಅದನ್ನ ಕೇಳಾಕ ನನ್ನ ಕೈಲಿ ಆಗಂಗಿಲ್ಲ. ಅದು ಇಲ್ಲದ ನಿನ್ನ ಮುಖ ನೋಡಾಕೂ ಆಗಂಗಿಲ್ಲ. ನಾಳಿಂದ ಬರಬ್ಯಾಡ.”

ಅವಳು ಚಪ್ಪಲಿಯನ್ನು ಅವನ ಪಾದಕ್ಕೆ ಮೆಲ್ಲಗೆ ಸೇರಿಸಿ, ಪಟ್ಟಿ ಬಿಗಿದು, ಎದ್ದು ಬಸ್ಸು ಹತ್ತಿದಳು. ಡ್ರೈವರ್ ಹಿಂದಿನ ಸೀಟು ಖಾಲಿಯಿತ್ತು. ಅದನ್ನು ದಾಟಿ ಹೋಗಿ ಕೊನೆಯ ಸೀಟಿನಲ್ಲಿ ಕೂತಳು.

ಬಸ್ಸು ತುಂಬಿತು, ಬಾಗಿಲು ಹಾಕಿಕೊಂಡಿತು. ಇನ್ನು ಹತ್ತುವವರು ಯಾರೂ ಇರಲಿಲ್ಲ. ಆದರೂ ಮೈಕಿನಲ್ಲಿ ಅವನು, ಬಸ್ಸು ಗೇಟು ದಾಟುವತನಕ, “ಕಮಲಾಪುರ, ಕಮಲಾಪುರ” ಎಂದು ಕೂಗುತ್ತಲೇ ಇದ್ದ.