ಹುಳ ಹೇಳಿದ ಸಾಕ್ಷಿ

"ಈಕೀನ ಇವತ್ತ ಹಟ್ಟಿ ಬಿಡಸ್ರಿ! ಇಲ್ಲಾಂದ್ರ ನಾನ ಕೊಡ್ಲಿ ಎತ್ತತೀನಿ!"

ಶೇಡಬಾಳದ ಹೊರಗಿನ ಆ ಬೀಳು ಹೊಲಕ್ಕೆ ನಾವು ಕಾಲಿಟ್ಟಾಗ ಕುರಿಗಾರ ಮಾಳಸಿದ್ದ ಹೀಗೆ ಒದರುತ್ತಿದ್ದ. ಅವನ ಮುಂದೆ ಎಂಟು ಕುರಿ ಸತ್ತು ಬಿದ್ದಿದ್ದವು. ಎದುರಿಗೆ ಅವನ ತೀರಿಹೋದ ಅಣ್ಣನ ಹೆಂಡತಿ ಕೆಂಪವ್ವ ಸೆರಗು ಬಿಗಿದು ನಿಂತಿದ್ದಳು. ನೆರೆದವರಲ್ಲಿ ಒಬ್ಬನ ಮುಖದಲ್ಲೂ ಕರುಣೆ ಇರಲಿಲ್ಲ.

ಅದು ತೊಂಬತ್ತೊಂದನೇ ಇಸವಿ. ನಾನು ಸತ್ತೆಪ್ಪ, ನಿವೃತ್ತ ದನದ ಡಾಕ್ಟರು ಅಣ್ಣಾಸಾಬ ಚೌಗುಲೆಯವರ ಕಂಪೌಂಡರ್. ಊರಲ್ಲಿ ಕಳುವಾದರೂ, ಖೂನಿಯಾದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಗುಟ್ಟು ಬಿಡಿಸುವುದು ಅವರ ಕೆಲಸ, ಬಂದವರನ್ನು ಬೈಯುವುದು ನನ್ನದು. ಅಂದು ಕೆಂಪವ್ವ ಓಡಿಬಂದು ಕರೆದಾಗ ಮಾತ್ರ ಬೈಯಲು ಬಾಯಿ ಬರಲಿಲ್ಲ.

ಹಿಂದಿನ ಮುಂಜಾನೆ ಅವಳು ಅಥಣಿಯಿಂದ ತಂದ ಜಂತುಹುಳದ ಔಷಧವನ್ನು ತನ್ನ ಬಿದಿರಿನ ಗೊಟ್ಟದಿಂದ ತನ್ನ ಕುರಿಗಳಿಗೂ ಮೈದುನನ ಕುರಿಗಳಿಗೂ ಎಲ್ಲರೆದುರೇ ಕುಡಿಸಿದ್ದಳು. ಬೆಳಗಾಗುವುದರೊಳಗೆ ಮೈದುನನ ಎಂಟು ಕುರಿ ಸತ್ತವು. ಅವಳದೊಂದೂ ಸಾಯಲಿಲ್ಲ. ಮಾಳಸಿದ್ದ ಸಿಟ್ಟಿನಲ್ಲಿ ಔಷಧದ ಬಾಟ್ಲಿಯನ್ನು ಬಾವಿಗೆ ಎಸೆದಿದ್ದ. ಸಂಜೆಯೊಳಗೆ ಕೆಂಪವ್ವ ಹಟ್ಟಿ ಬಿಡಬೇಕು, ಅವಳ ಕುರಿಗಳೆಲ್ಲ ಮಾಳಸಿದ್ದನಿಗೆ ಸೇರಬೇಕು ಎಂದು ಹಿರಿಯರು ಹೇಳಿಯಾಗಿತ್ತು.

"ಬಾಟ್ಲಿಯೊಳಗ ವಿಷ ಇತ್ರಿ. ನನ್ನ ಉಳಿದ ಕುರೀನೂ ಇವತ್ತೋ ನಾಳೆಯೋ ಸಾಯ್ತಾವ. ತನ್ನ ಕುರಿಗೆ ಖಾಲಿ ಗೊಟ್ಟ ಹಿಡದು ನಾಟಕ ಮಾಡ್ಯಾಳ!" ಎಂದ ಮಾಳಸಿದ್ದ.

ಡಾಕ್ಟರು ಸತ್ತ ಕುರಿಯೊಂದರ ಹೊಟ್ಟೆ ಸೀಳಿದರು. ಒಳಗೆಲ್ಲ ನೀಲಿ-ಹಸಿರು ಬಣ್ಣ.

"ಮೈಲುತುತ್ತ," ಎಂದರು.

ದ್ರಾಕ್ಷಿಗೆ ಹೊಡೆಯುವ ಆ ನೀಲಿ ಉಪ್ಪು ಎಲ್ಲರಿಗೂ ಗೊತ್ತು. ಕಣ್ಣುಗಳೆಲ್ಲ ಪಕ್ಕದ ದ್ರಾಕ್ಷಿ ತೋಟದ ಮಾಲಕ ರಾವಸಾಹೇಬರತ್ತ ತಿರುಗಿದವು. ಅವರು ಕೆಂಡವಾದರು.

"ನನ್ನ ತ್ವಾಟಕ್ಕ ಹೆಸರು ಹಚ್ಚಬ್ಯಾಡ್ರಿ! ಚೀಲ ಪಂಪಿನ ಮನ್ಯಾಗ ಬಿದ್ದಿರತೈತಿ, ಯಾರ ತುಡುಗ ಮಾಡ್ಯಾರೋ!"

"ಮತ್ಯಾರ? ಈಕೀನ ತಂದು ಬಾಟ್ಲಿಗೆ ಬೆರಸ್ಯಾಳ," ಎಂದ ಮಾಳಸಿದ್ದ. ಜನ ಹೌದೌದೆಂದರು. ಥೂ, ಕುರಿಗಳಿಗಿಂತ ಕಡೆ!

ಡಾಕ್ಟರು ಔಷಧದ ಅಳತೆ ನೋಡಬೇಕೆಂದು ಕೆಂಪವ್ವ, ಮಾಳಸಿದ್ದ ಇಬ್ಬರ ಗೊಟ್ಟವನ್ನೂ ಇಸಿದುಕೊಂಡರು. ಆಮೇಲೆ ಮೆಲ್ಲಗೆ, "ಕೆಂಪವ್ವಾ, ನಿನ್ನ ಕುರಿ ಒಂದು ಕೊಯ್ಯಬೇಕಾಗತೈತಿ," ಎಂದರು.

ಅವಳ ಕಣ್ಣು ತುಂಬಿದವು. "ಕೊಯ್ರಿ ಸಾಹೇಬ್ರ. ವಿಷ ಹಾಕಿದಾಕಿ ಅನ್ನಿಸ್ಕೊಂಡು ಹ್ಯಾಂಗ ಬದುಕ್ಲಿ?"

ನನ್ನನ್ನು ಕಟುಕನ ಬಳಿ ಅಟ್ಟಿದರು, ಔಷಧ ಕಾಣದ ಕುರಿಯ ಜಠರ ತರಲಿಕ್ಕೆ. ಆ ನಾತದ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಾದಿಯುದ್ದಕ್ಕೂ ಅವರನ್ನು ಬೈಯುತ್ತಲೇ ಬಂದೆ.

ಸಂಜೆ ಎಲ್ಲರನ್ನೂ ಪಂಪಿನ ಮನೆ ಮುಂದೆ ಕೂಡಿಸಿದರು. ಕಲ್ಲಿನ ಮೇಲೆ ಉಪ್ಪುನೀರಿನ ಎರಡು ಗ್ಲಾಸು. ಒಂದರಲ್ಲಿ ಕಟುಕನ ಕುರಿಯ ಹುಳ, ಇನ್ನೊಂದರಲ್ಲಿ ಆಗಲೇ ಎಲ್ಲರೆದುರು ಕೊಯ್ದ ಕೆಂಪವ್ವನ ಕುರಿಯ ಹುಳ. ಎರಡರಲ್ಲೂ ಮಿಸುಕಾಡುತ್ತಿದ್ದವು.

"ಹುಳ ಕಚ್ಚಿದಲ್ಲಿ ಕುರಿ ಮೈ ಸುಮ್ಮನಿರಂಗಿಲ್ಲ, ಅದರ ಮ್ಯಾಲ ಉರಿ ಕಾರತೈತಿ," ಎಂದರು ಡಾಕ್ಟರು. "ಹುಳಾನೂ ಶ್ಯಾಣ್ಯಾ. ಆ ಉರಿ ಆರಿಸೋ ರಸ ತನ್ನ ಮೈಯಾಗ ಇಟಗೊಂಡಿರತೈತಿ. ಅದ ಅದರ ಢಾಲು, ಗುರಾಣಿ ಇದ್ದಂಗ. ಎಲ್ಲಾ ಔಷಧದ ಮಾತ ಹೇಳಂಗಿಲ್ಲ, ಆದ್ರ ಕೆಂಪವ್ವ ತಂದ ಔಷಧ ಹುಳಾನ ಒಮ್ಮೆಲೆ ಕೊಲ್ಲಂಗಿಲ್ಲ, ಮೊದಲ ಈ ಢಾಲು ಕಸಗೊಳ್ಳತೈತಿ. ನಾನ ಎಷ್ಟೋ ಸಲ ಪರೀಕ್ಷಾ ಮಾಡೀನಿ. ಈಗ ನೋಡ್ರಿ, ಗಾಯಾ ತೊಳಿಯೋ ಪೆರಾಕ್ಸೈಡ್. ಇದೂ ಅಂಥಾದ್ದ ಉರಿ."

ಎರಡೂ ಗ್ಲಾಸಿಗೆ ಸಮ ಹನಿ ಬಿಟ್ಟರು. ಕಟುಕನ ಕುರಿಯ ಹುಳ ಏನೂ ಆಗದಂತೆ ಹೊರಳಾಡಿದವು. ಕೆಂಪವ್ವನ ಕುರಿಯವು ನೋಡನೋಡುತ್ತ ಸೆಟೆದು ತಣ್ಣಗಾದವು.

"ಅಂದ್ರ ಆಕಿ ಕುರಿ ಔಷಧ ಖರೇನ ಕುಡದಾವು. ಗೊಟ್ಟ ಖಾಲಿ ಇರಲಿಲ್ಲ. ನೀವ ನೋಡಿದಂಗ ಬಾಟ್ಲಿ ಒಂದ. ಅದರಾಗ ಮೈಲುತುತ್ತ ಇದ್ದಿದ್ರ ಆಕಿ ಕುರೀನೂ ಸಾಯಬೇಕಿತ್ತು. ಕೊಯ್ದ ಕುರಿ ಹೊಟ್ಟಿ ನೀವ ನೋಡೀರಿ, ನೀಲಿ ಇಲ್ಲ. ಹಂಗಾರ ಆ ಎಂಟಕ್ಕ ವಿಷ ಬ್ಯಾರೆ ಗೊಟ್ಟದಿಂದ ಹೋಗೈತಿ."

ಇಬ್ಬರ ಗೊಟ್ಟವನ್ನೂ ಬೇರೆ ಬೇರೆ ಬಟ್ಟಲಲ್ಲಿ ತೊಳೆದರು. ಉಜ್ಜಿ ಬೆಳ್ಳಗೆ ಮಾಡಿದ ಎರಡು ಕಬ್ಬಿಣದ ಮೊಳೆಗಳನ್ನು ಆ ನೀರಿಗೆ ಬಿಟ್ಟರು. ಕೆಂಪವ್ವನ ಬಟ್ಟಲಿನ ಮೊಳೆ ಬೆಳ್ಳಗೇ ಉಳಿಯಿತು. ಮಾಳಸಿದ್ದನದಕ್ಕೆ ಸ್ವಲ್ಪ ಹೊತ್ತಿನಲ್ಲಿ ತಾಮ್ರದ ಕೆಂಪು ಅಡರಿತು.

"ಮೈಲುತುತ್ತ ಅಂದ್ರ ತಾಮ್ರ," ಎಂದರು ಡಾಕ್ಟರು. "ಯಾಕೋ ಮಾಳಸಿದ್ದಾ?"

ಅವನು ಮೊಳೆಯತ್ತ ನೋಡುತ್ತ ಒಪ್ಪಿಕೊಂಡ. "ಹೆಂಗಸಿನ ಕೈ ಔಷಧಕ್ಕ ಹುಳ ಸಾಯ್ತಾವಂತ ನಂಬಿಕಿ ಬರಲಿಲ್ರಿ. ನಮ್ಮಪ್ಪ ಮೈಲುತುತ್ತಾನ ಹಾಕ್ತಿದ್ದ. ನಾನೂ ರಾತ್ರಿ ಪಂಪಿನ ಮನ್ಯಾಗಿಂದ ತಂದು ಮುಚ್ಚಿ ಹಾಕಿದೆ. ಅಳತಿ ಗೊತ್ತಾಗಲಿಲ್ಲ, ಎಂಟಕ್ಕ ಹಾಕೂದ್ರಾಗ ತಂದದ್ದು ಮುಗೀತು."

"ಕುರಿ ಸತ್ತದ್ದು ಕೈತಪ್ಪಿ ಆತು ಅಂತ ಬಿಡೋಣು. ಈ ಹೆಣ್ಣಮಗಳ ಮ್ಯಾಲ ಹಾಕಿದ್ದು?"

"ಮಂದಿ ನಗ್ತಾರಂತ..." ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಮಾರಿಗೆ ಬೆಂಕಿ ಹಚ್ಚಲಿ! ನಗೂದಕ್ಕ ಅಂಜಿ ಒಬ್ಬಾಕಿ ಅನ್ನಾ ಕಸಗೊಳ್ಳಾಕ ಹೊಂಟಿದ್ಯಾ?" ಎಂದು ಕೂಗಿದೆ. ಡಾಕ್ಟರು ತಡೆಯಲಿಲ್ಲ.

ಹಿರಿಯರು ತಲೆ ತಗ್ಗಿಸಿ, ಮಾಳಸಿದ್ದನಿಗೆ ದಂಡವೆಷ್ಟು ಹಾಕೋಣ ಎಂದು ಕೆಂಪವ್ವನನ್ನೇ ಕೇಳಿದರು.

"ನಿಮ್ಮ ದಂಡ ನಿಮ್ಮ ಹತ್ರಾನ ಇರ್ಲಿ. ಮುಂಜಾನಿ ಒಬ್ಬರರ ನನ್ನ ಮಾತ ಕೇಳಿದ್ರ ನನ್ನ ಕುರಿ ಉಳೀತಿತ್ತು. ನನ್ನ ಹಿಂಡ ಬ್ಯಾರೆ ಮಾಡ್ರಿ."

ಅವಳು ಕಂಬಳಿ ಹೆಗಲಿಗೆ ಹಾಕಿ, ನಾಲಿಗೆಯಿಂದ ಲೊಟ್ಟೆ ಹೊಡೆದು ಕುರಿಗಳನ್ನು ಕರೆಯುತ್ತ ನಡೆದಳು. ಅವಳ ಕುರಿಗಳು ಎದ್ದವು. ಮಾಳಸಿದ್ದನ ಉಳಿದ ಕುರಿಗಳೂ ಎದ್ದು ಹಿಂದೆ ಹೋದವು. ಇಷ್ಟು ವರ್ಷ ಎರಡೂ ಹಿಂಡು ಮೇಯಿಸಿದವಳು ಅವಳೇ. ಮಾಳಸಿದ್ದ ಓಡಿಹೋಗಿ ಅಡ್ಡಗಟ್ಟಿ ಕೂಗಿದ, ಬಡಿಗೆ ಬೀಸಿದ. ಅವನ ದನಿ ಯಾವ ಕುರಿಗೂ ಗುರುತಿರಲಿಲ್ಲ. ಕಡೆಗೆ ಬಡಿಗೆ ಕೆಳಗೆ ಹಾಕಿ, "ವೈನೀ, ನನ್ನವನ್ನ ತಿರುಗಿಸಿ ಕೊಡ ವೈನೀ," ಎಂದು ಎಲ್ಲರೆದುರು ಬೇಡಿಕೊಂಡ.

ಕೆಂಪವ್ವ ನಿಲ್ಲಲಿಲ್ಲ. "ನೀನ ಕರಿ," ಎಂದಳು.